ಹರಿದ್ರೆಯ ಅಣೆ, ತುಂಗಭದ್ರೆಯ ಆರತಿ

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಬಸ್ಸಿನಲ್ಲಿ ಕುಳಿತು ಒಂದು ಜೊಂಪು ಹತ್ತುವಷ್ಟರಲ್ಲಿ ಊರು ಬಂದುಬಿಡುತ್ತದೆ. ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಎರಡು ಕಾರಣಗಳಿಗೆ: ಹರಿಹರೇಶ್ವರನ ದರ್ಶನಕ್ಕೆ, ಇಲ್ಲವೆ ಹೊಳೆಯಲ್ಲಿ ಅಸ್ಥಿ ಬಿಡುವುದಕ್ಕೆ. ತಂದೆಯವರು ತೀರಿಕೊಂಡಾಗ ನಾನು ಹೋದದ್ದು ಎರಡನೆಯ ಕಾರಣಕ್ಕೆ. ಪುರೋಹಿತರು ಹೇಳಿದಂತೆ ಮಡಕೆಯನ್ನು ಬಿಟ್ಟೆ, ಹೂವನ್ನು ಬಿಟ್ಟೆ, ತಂದೆಯವರ ಧೋತರವನ್ನೂ ಬಿಟ್ಟೆ. ಅದಿಷ್ಟನ್ನೂ ತುಂಬಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಡಲು ಯಾರೂ ಹೇಳಿರಲಿಲ್ಲ, ಅದನ್ನೂ ಬಿಟ್ಟೆ. ಚೀಲ ನಾಲ್ಕು ಮಾರು ತೇಲಿ ಹೋಗಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡು, ನಾನು ಸ್ನಾನ ಮುಗಿಸಿ ಮೆಟ್ಟಿಲು ಹತ್ತುವ ತನಕವೂ ಅಲ್ಲೇ ಉಬ್ಬಿಕೊಂಡು ಕುಳಿತಿತ್ತು.

ಈ ಸಂಗತಿ ಈಗ ನೆನಪಾಗಲು ಕಾರಣವುಂಟು. ನಮ್ಮ ಬಡಾವಣೆಯ ಭಕ್ತಮಂಡಳಿಯವರು ಈಚೆಗೆ ನನ್ನ ಮನೆಗೆ ಬಂದು, “ಹವಾಮಾನ ನ್ಯಾಯಕ್ಕಾಗಿ ಧಾರ್ಮಿಕ ಸಮಾಜಗಳು ದನಿಯೆತ್ತುವುದು ಹೇಗೆ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕು ಮೇಷ್ಟ್ರೇ” ಎಂದರು. ವಿಷಯದ ಹೆಸರು ಕೇಳಿಯೇ ನಾನು ಅರ್ಧ ಸೋತೆ. ಹವಾಮಾನ ಗೊತ್ತು, ನ್ಯಾಯವೂ ಅಷ್ಟಿಷ್ಟು ಗೊತ್ತು. ಎರಡೂ ಒಂದೇ ಚಪ್ಪರದಡಿ ಬಂದದ್ದು ನನ್ನ ಕಾಲಕ್ಕೆ ಹೊಸದು. ಯೋಚಿಸಿದಾಗ ಅಷ್ಟೇನೂ ಕಷ್ಟದ ಮಾತಲ್ಲವೆನಿಸಿತು. ಭೂಮಿಯನ್ನು ಬಿಸಿಮಾಡಿದ ಹೊಗೆಯಲ್ಲಿ ಜಗಳೂರಿನ ಒಣಬೇಸಾಯದವನ ಪಾಲು ಎಷ್ಟು? ಏನೂ ಇಲ್ಲವೆನ್ನುವಷ್ಟು. ಆದರೆ 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟಾಗ ಬೀಜದ ದುಡ್ಡು ಮಣ್ಣುಪಾಲಾದದ್ದು ಇಂಥವನದೇ. ಮಳೆ ವಿಪರೀತವಾಗಿ ಹೊಳೆ ಉಕ್ಕಿದರೆ ಹರಿಹರದಲ್ಲಿ ಮೊದಲು ನೀರು ನುಗ್ಗುವುದು ತಗ್ಗಿನಲ್ಲಿರುವ ಗಂಗಾನಗರದ ಬಡವರ ಮನೆಗಳಿಗೆ. ಮಾಡಿದವನೊಬ್ಬ, ಉಣ್ಣುವವನಿನ್ನೊಬ್ಬ. ಇದನ್ನು ಅನ್ಯಾಯವೆನ್ನಲು ಶಾಸ್ತ್ರ ಓದಬೇಕಾಗಿಲ್ಲ.

ಹೊರಜಗತ್ತಿನ ಧರ್ಮಪೀಠಗಳು ಈ ಮಾತನ್ನು ಆಡತೊಡಗಿ ಬಹಳ ಕಾಲವಾಯಿತು. 1986ರಲ್ಲಿ ಇಟಲಿಯ ಅಸಿಸಿಯಲ್ಲಿ ಐದು ಮತಗಳ ಪ್ರತಿನಿಧಿಗಳು ಕೂಡಿ ನಿಸರ್ಗದ ವಿಷಯವಾಗಿ ಘೋಷಣೆ ಹೊರಡಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸರ ಪರಿಸರ ಪತ್ರವೂ, ಇಸ್ತಾಂಬುಲ್ ನಗರದಲ್ಲಿ ಮುಸ್ಲಿಂ ವಿದ್ವಾಂಸರ ಹೇಳಿಕೆಯೂ ಬಂದವು. ಒಳ್ಳೆಯ ಮಾತುಗಳೇ. ಆದರೆ ನನಗೆ ಬೇಕಾದದ್ದು ನಮ್ಮ ಹೊಳೆಯ ದಂಡೆಯ ಪುರಾವೆ. ಅದಕ್ಕಾಗಿ ಒಂದು ಬೆಳಗ್ಗೆ ಹರಿಹರದ ಬಸ್ಸು ಹತ್ತಿದೆ.

ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಶಿವನೂ ವಿಷ್ಣುವೂ ಒಂದೇ ಮೂರ್ತಿಯಾಗಿ ನಿಂತ ಗುಡಿ. ಎರಡು ಪಂಥದವರು ಒಂದೇ ಬಾಗಿಲಲ್ಲಿ ನುಗ್ಗಬೇಕಾದ ಗುಡಿ. ಯಾತ್ರಿಕರು ಮೂರ್ತಿಯನ್ನು ನೋಡಿ, ಕಂಬಗಳ ಹೊಳಪಿಗೆ ಬೆರಗಾಗಿ ಹಿಂತಿರುಗುತ್ತಾರೆ. ಅಂಗಳದಲ್ಲಿ ಆಳೆತ್ತರ ನಿಂತಿರುವ ಶಾಸನದ ಕಲ್ಲುಗಳ ಬಳಿ ನಿಲ್ಲುವವರು ಕಡಿಮೆ. ರೈಸ್ ಸಾಹೇಬರು ತಮ್ಮ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ಹರಿಹರದ ಶಾಸನಗಳನ್ನು ಅಚ್ಚು ಹಾಕಿಸದಿದ್ದರೆ ನನ್ನಂಥವರಿಗೆ ಅವು ಬರಿಯ ಕಲ್ಲುಗಳೇ.

ಅವುಗಳಲ್ಲಿ 1410ರದೊಂದು, 1424ರದೊಂದು ಹರಿದ್ರಾ ನದಿಯ ಅಣೆಕಟ್ಟಿನ ಕಥೆ ಹೇಳುತ್ತವೆ. ಹರಿದ್ರೆ ದೊಡ್ಡ ನದಿಯೇನಲ್ಲ. ಚನ್ನಗಿರಿ ಸೀಮೆಯ ಸೂಳೆಕೆರೆಯಿಂದ ಇಳಿದು ಬಂದು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುವ ಹಳ್ಳ. ಒಂದನೆಯ ದೇವರಾಯನ ಆಳ್ವಿಕೆಯಲ್ಲಿ ಹರಿಹರದ ಬ್ರಾಹ್ಮಣರು ಆ ಹಳ್ಳಕ್ಕೆ ಅಣೆ ಕಟ್ಟಿ, ದೇವರ ಭೂಮಿಯ ಮೇಲೆ ಕಾಲುವೆ ತರುವುದೆಂದು ನಿಶ್ಚಯಿಸಿದರು. ನಿಶ್ಚಯವನ್ನು ಬಾಯಿಮಾತಿಗೆ ಬಿಡದೆ ಕಲ್ಲಿಗೆ ಬರೆಸಿದರು. ಕಾಲುವೆಯ ಕೆಳಗೆ ನೀರಾವರಿಯಾಗುವ ಭೂಮಿಯನ್ನು ಮೂರು ಪಾಲು ಮಾಡಿ ಎರಡು ಪಾಲು ಹರಿಹರ ದೇವರಿಗೆ, ಒಂದು ಪಾಲು ಆ ಬ್ರಾಹ್ಮಣರಿಗೆ. ದೇವರನ್ನೂ ಇಲ್ಲಿ ಒಬ್ಬ ಪಾಲುದಾರನೆಂದು ಹಿಡಿದು ಒಪ್ಪಂದ ಮಾಡಿದ್ದಾರೆ. ಭಕ್ತಿಯ ಜತೆಗೆ ಲೆಕ್ಕವೂ ಇದೆ. ಹದಿನಾಲ್ಕು ವರ್ಷದಲ್ಲಿ ಆ ಅಣೆ ಒಡೆಯಿತು. ಆಗ ಬುಳ್ಳರಸನೆಂಬವನು ಚಾಮನೃಪನೆಂಬ ದಂಡನಾಯಕನ ಬಳಿ ಕೇಳಿಕೊಂಡು, ಅವನಿಂದ ಹಣ ಕೊಡಿಸಿ ಅಣೆಯನ್ನು ಮತ್ತೆ ಕಟ್ಟಿಸಿದ. ಅದಕ್ಕೂ ಶಾಸನವಾಯಿತು.

ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ನಾಡು ನಮ್ಮದು. ಆ ಹಳ್ಳದ ಮೂಲದಲ್ಲಿರುವ ಸೂಳೆಕೆರೆಯನ್ನೇ ನೋಡಿ. ಶಾಂತವ್ವೆಯೆಂಬ ರಾಜಪುತ್ರಿ ಕಟ್ಟಿಸಿದಳೆಂದೂ, ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಬೇಕೆಂದು ಕೇಳಿದರೆಂದೂ ಐತಿಹ್ಯ. ಸರ್ಕಾರದ ಕಾಗದದಲ್ಲಿ ಅದು ಶಾಂತಿಸಾಗರ. ಜನರ ಬಾಯಲ್ಲಿ ಇಂದಿಗೂ ಆ ಹೆಂಗಸರ ಹೆಸರೇ ನಿಂತಿದೆ. ಜಾಗ ಕೊಟ್ಟವರಿಗೆ ಹೆಸರಾದರೂ ಸಿಕ್ಕಿತು. ಹರಿಹರದ ಒಪ್ಪಂದದಲ್ಲಿ ಪಾಲುದಾರರು ಇಬ್ಬರೇ: ದೇವರು ಮತ್ತು ಬ್ರಾಹ್ಮಣರು. ಕಾಲುವೆ ತೋಡಿದವನಿಗೂ ಗದ್ದೆ ಉತ್ತವನಿಗೂ ಆ ಮೂರು ಪಾಲಿನಲ್ಲಿ ಎಡೆಯಿಲ್ಲ. ಕಲ್ಲನ್ನು ಮೆಚ್ಚುವಾಗ ಇದನ್ನು ಮರೆಯಬಾರದೆಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಈ ಜಿಲ್ಲೆಯಲ್ಲಿ ಮಠ ಒಂದು ಮಾತು ಆಡಿದರೆ ವಿಧಾನಸೌಧದಲ್ಲಿ ಕೇಳಿಸುತ್ತದೆ; ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು 1950ರಲ್ಲಿ ಮೊದಲ ತರಳಬಾಳು ಹುಣ್ಣಿಮೆಯನ್ನು ನಡೆಸಿದ್ದು ಬರಗಾಲದ ಸೀಮೆ ಜಗಳೂರಿನಲ್ಲಿ. 2018ರಲ್ಲಿ ಅದೇ ಜಗಳೂರಿನಲ್ಲಿ ಹುಣ್ಣಿಮೆ ನಡೆದಾಗ ಈಗಿನ ಗುರುಗಳಾದ ಶಿವಮೂರ್ತಿ ಶಿವಾಚಾರ್ಯರು ಕೆರೆ ತುಂಬಿಸುವ ಬೇಡಿಕೆಯನ್ನು ಮುಖ್ಯಮಂತ್ರಿಗಳ ಮುಂದಿಟ್ಟರು. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರೆತ್ತುವ ಯೋಜನೆಗೆ ಅದರಿಂದ ಬಲ ಬಂತು. ಭರಮಸಾಗರದ ದೊಡ್ಡ ಕೆರೆಗೆ 2021ರಲ್ಲಿ ಹೊಳೆಯ ನೀರು ಬಂದಾಗ ಮುದುಕರು ದಂಡೆಯ ಮೇಲೆ ಕೈಮುಗಿದು ನಿಂತರೆಂದು ಆ ಕಡೆಯ ಸ್ನೇಹಿತರು ಹೇಳಿದರು. ಪಾಂಡೋಮಟ್ಟಿಯ ವಿರಕ್ತಮಠದ ಗುರುಬಸವ ಸ್ವಾಮಿಗಳು ಯುವಕರ ಜತೆ ನಿಂತು, ಸೂಳೆಕೆರೆಯ ಅಳತೆಯಾಗಲಿ, ಒತ್ತುವರಿ ತೆರವಾಗಲಿ ಎಂದು ಪಟ್ಟುಹಿಡಿದರು. ಬುಳ್ಳರಸ ಚಾಮನೃಪನ ಬಳಿ ಮಾಡಿದ್ದೂ ಇದೇ ಕೆಲಸವಲ್ಲವೆ?

ಆದರೆ ನೀರು ಬೇಕೆಂದು ಕೇಳುವುದು ಬೇರೆ, ನೀರು ಕೆಟ್ಟಿತೆಂದು ಕೇಳುವುದು ಬೇರೆ. ಮೊದಲನೆಯದರಲ್ಲಿ ಎದುರಾಳಿಯಿಲ್ಲ, ಕೊಟ್ಟ ಮಂತ್ರಿಗೂ ಹಾರ, ಕೇಳಿದ ಗುರುವಿಗೂ ಹಾರ. ಎರಡನೆಯದರಲ್ಲಿ ಯಾರನ್ನಾದರೂ ಎದುರು ಹಾಕಿಕೊಳ್ಳಲೇಬೇಕು. ಎಷ್ಟೋ ಸಲ ಮಠದ ಭಕ್ತನೇ ಎದುರಿಗಿರುತ್ತಾನೆ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಬಂದ ಮೇಲೆ, 1984ರ ಸುಮಾರಿನಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗ, ನದಿಯ ಮಾಲಿನ್ಯವನ್ನು ನ್ಯಾಯಾಲಯದ ತನಕ ಒಯ್ದದ್ದು ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಊರ ಗೋಮಾಳದಲ್ಲಿ ಕಾರ್ಖಾನೆಗಾಗಿ ನೀಲಗಿರಿ ನೆಟ್ಟದ್ದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದ್ದೂ ಅವರೇ. ಅಲ್ಲಿ ಮುಂದಾಳುಗಳು ಕಾವಿಯವರಾಗಿರಲಿಲ್ಲ.

ಕಾವಿಯವರಿಗೆ ಅದು ಆಗದ ಕೆಲಸವೆಂದಲ್ಲ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಎರೆಭೂಮಿ ಹೋಗಲಿದ್ದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು, ಯೋಜನೆ ಬಿದ್ದಿತು. ಕಪ್ಪತಗುಡ್ಡದ ಸಲುವಾಗಿಯೂ ಅವರು ಹಾಗೆಯೇ ನಿಂತರು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಉಳಿದಿರಲಿಲ್ಲ.

ಹರಿಹರದಲ್ಲಿ ಪಂಚಮಸಾಲಿ ಪೀಠದ ವಚನಾನಂದ ಸ್ವಾಮಿಗಳ ಒತ್ತಾಸೆಯಿಂದ, ಕಾಶಿಯ ಗಂಗಾರತಿಯ ಮಾದರಿಯಲ್ಲಿ ತುಂಗಾರತಿ ನಡೆಯಲೆಂದು 2022ರಲ್ಲಿ 108 ಮಂಟಪಗಳಿಗೆ ಶಂಕುಸ್ಥಾಪನೆಯಾಯಿತು. ದೀಪ ಬೆಳಗುವುದಕ್ಕೆ ನನ್ನ ತಕರಾರಿಲ್ಲ. ದೀಪದ ಬೆಳಕಿನಲ್ಲಿ ಚರಂಡಿಯ ಬಾಯಿಯೂ ಕಾಣಿಸಲಿ ಎಂಬುದಷ್ಟೇ ನನ್ನ ಆಸೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹರಿಹರಕ್ಕೆ ಬಂದಾಗ ಇದೇ ಮಾತು ಕೇಳಿಬಂತು.

ಭಕ್ತಮಂಡಳಿಯ ಸಭೆಯಲ್ಲಿ ಇದಿಷ್ಟನ್ನೂ ಹೇಳಿದೆ. ಪ್ಲಾಸ್ಟಿಕ್ ಚೀಲದ ಸಂಗತಿಯನ್ನೂ ಬಚ್ಚಿಡಲಿಲ್ಲ. ಗಣ್ಯರು ತಲೆದೂಗಿದರು. ಸಕಲ ಧರ್ಮದವರನ್ನೂ ಕೂಡಿಸಿ ಒಂದು ನಿರ್ಣಯ ಮಾಡೋಣ, ಆರೋಗ್ಯಮಾತೆಯ ಚರ್ಚಿನವರನ್ನು ಕರೆಯೋಣ, ದರ್ಗಾದವರನ್ನು ಕರೆಯೋಣ ಎಂದು ಪಟ್ಟಿ ಬೆಳೆಯಿತು. ಆಗ ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು, “ಎಲ್ಲ ಸರಿ ಸ್ವಾಮಿ, ಗಂಗಾನಗರದೋರನ್ನ ಯಾರಾರ ಕರದೀರೇನು?” ಎಂದು ಕೇಳಿದರು.

ಯಾರೂ ಕರೆದಿರಲಿಲ್ಲ. ಪಟ್ಟಿ ಬರೆಯುತ್ತಿದ್ದ ಕಾರ್ಯದರ್ಶಿಗಳು ಪೆನ್ನು ಎತ್ತಿ ನನ್ನ ಮುಖ ನೋಡಿದರು, ನಾನು ಅಧ್ಯಕ್ಷರ ಮುಖ ನೋಡಿದೆ. ಕಡೆಗೆ ಮುಂದಿನ ಸಭೆಯನ್ನು ಗಂಗಾನಗರದಲ್ಲೇ ಇಡುವುದೆಂದಾಯಿತು. ಅಲ್ಲಿ ಅಷ್ಟು ಕುರ್ಚಿ ಹಾಕಲು ಜಾಗವಿಲ್ಲವೆಂದು ಒಬ್ಬರು ಆಕ್ಷೇಪಿಸಿದರು. ಜಮಖಾನೆ ಒಯ್ಯೋಣವೆಂದು ಆ ತಾಯಿಯೇ ಹೇಳಿದರು.