ಉಪ್ಪು ದೇವರು, ಸಿಹಿ ದೇವರು: ಪರಗ್ರಹಗಳ ಪಾಷಂಡಿಗಳು

ದೇವರು ಉಪ್ಪೋ ಸಿಹಿಯೋ ಎಂಬುದನ್ನು ತೀರ್ಮಾನಿಸಲು ಒಂದು ಲೋಕದಲ್ಲಿ ಯುದ್ಧಗಳೇ ನಡೆದಿದ್ದವು. ಬ್ರಿಟಿಷ್ ಲೇಖಕ ಓಲಾಫ್ ಸ್ಟೇಪಲ್ಡನ್ 1937ರ ‘ಸ್ಟಾರ್ ಮೇಕರ್’ನಲ್ಲಿ ಕಲ್ಪಿಸಿದ ಲೋಕ ಅದು. ಅಲ್ಲಿಯವರಿಗೆ ಅಂಗೈ, ಅಂಗಾಲುಗಳಲ್ಲೂ ರುಚಿ ತಿಳಿಯುತ್ತದೆ. ಹಾಗಾಗಿ ದೇವರೂ ಅವರಿಗೆ ರುಚಿಯಾಗಿಯೇ ಒದಗುತ್ತಾನೆ. ಅವನನ್ನು ಕೈಯಿಂದ ಮಾತ್ರ ಸವಿಯಬಹುದು ಎನ್ನುವವರು ಕೆಲವರು, ಕಾಲಿನಿಂದ ಮಾತ್ರ ಎನ್ನುವವರು ಕೆಲವರು. ದೇಹದ ಹಂಗೇ ಬೇಡ, ಆ ಸವಿ ಆತ್ಮಕ್ಕಷ್ಟೇ ದಕ್ಕುವುದು ಎಂದು ವಾದಿಸಿದವರೂ ಉಂಟು. ಇನ್ನೂ ಮುಂದೆ ಹೋದವರು, ದೇವರು ವ್ಯಕ್ತಿಯೇ ಅಲ್ಲ, ಆ ರುಚಿಯೇ ದೇವರು ಎಂದರು. ಪ್ರಸಂಗ ಚಿಕ್ಕದು, ದನಿಯಲ್ಲಿ ಲೇವಡಿಯೂ ಇದೆ. ಆದರೆ ಮೈ ಬೇರೆಯಾದರೆ ಮತ ಬೇರೆ, ಮತ ಬೇರೆಯಾದರೆ ಅದರೊಳಗಿನ ಜಗಳವೂ ಬೇರೆ ಎಂಬ ಅರಿವು ಅಲ್ಲಿತ್ತು. ವೈಜ್ಞಾನಿಕ ಕಥಾಸಾಹಿತ್ಯ ಬಹುಕಾಲ ಆ ದಾರಿ ಹಿಡಿಯಲೇ ಇಲ್ಲ.

ಅದು ಹಿಡಿದದ್ದು ಗೆಲಿಲಿಯೋನ ದಾರಿ: ಒಂದು ಕಡೆ ದೂರದರ್ಶಕ, ಇನ್ನೊಂದು ಕಡೆ ಪುರೋಹಿತ. ಐಸಾಕ್ ಅಸಿಮೊವ್‌ರ ‘ನೈಟ್‌ಫಾಲ್’ (1941) ಈ ಬಗೆಯದೇ, ಆದರೂ ಅದರಲ್ಲೊಂದು ಸೊಗಸಾದ ತಿರುವಿದೆ. ಆರು ಸೂರ್ಯರ ಲಗಾಶ್ ಗ್ರಹಕ್ಕೆ 2049 ವರ್ಷಕ್ಕೊಮ್ಮೆ ಮಾತ್ರ ಕತ್ತಲು. ಕತ್ತಲು ಬರುತ್ತದೆಂಬ ಅಲ್ಲಿನ ಧಾರ್ಮಿಕ ಪಂಥವೊಂದರ ನಂಬಿಕೆಯನ್ನು ಖಗೋಳಜ್ಞರು ಲೆಕ್ಕ ಹಾಕಿ ನಿಜವೆಂದು ತೋರಿಸುತ್ತಾರೆ. ಪಂಥದವರಿಗೆ ಸಿಟ್ಟು ಬರುವುದೇ ಇದಕ್ಕೆ. ಲೆಕ್ಕದಿಂದ ಸಿದ್ಧವಾದ ಮೇಲೆ ನಂಬಿಕೆಗೇನು ಕೆಲಸ?

1950ರ ದಶಕದಲ್ಲಿ ಪಾದ್ರಿಗಳೇ ನೌಕೆ ಹತ್ತಿದರು. ಜೇಮ್ಸ್ ಬ್ಲಿಶ್‌ರ ‘ಎ ಕೇಸ್ ಆಫ್ ಕಾನ್ಶಿಯನ್ಸ್’ (1958) ಕಾದಂಬರಿಯ ಲಿಥಿಯಾ ಗ್ರಹದಲ್ಲಿ ದೇವರಿಲ್ಲ, ಪಾಪವೂ ಇಲ್ಲ. ಇಂಥ ಲೋಕ ಸೈತಾನನ ಸೃಷ್ಟಿಯೇ ಇರಬೇಕೆಂದು ಜೆಸೂಟ್ ಪಾದ್ರಿ ರುಯಿಸ್ ಸಾಂಚೆಸ್ ತೀರ್ಮಾನಿಸುತ್ತಾನೆ. ಸೃಷ್ಟಿಸುವ ಶಕ್ತಿ ಸೈತಾನನಿಗೂ ಉಂಟೆನ್ನುವುದು ಅವನ ಚರ್ಚಿನ ಪ್ರಕಾರ ಪಾಷಂಡವಾದ, ಸಿಕ್ಕಿಬೀಳುವವನು ಅವನೇ. ಹ್ಯಾರಿ ಹ್ಯಾರಿಸನ್‌ರ ‘ದಿ ಸ್ಟ್ರೀಟ್ಸ್ ಆಫ್ ಆಷ್ಕೆಲಾನ್’ (1962) ಕತೆಯ ವೆಸ್ಕರ್ ಎಂಬ ಪರಗ್ರಹವಾಸಿಗಳು ಹೇಳಿದ್ದನ್ನು ಹೇಳಿದ ಹಾಗೇ ನಂಬುವವರು. ಪವಾಡವನ್ನು ಕಣ್ಣಾರೆ ಕಾಣಲೆಂದು, ಮತ ಬೋಧಿಸಲು ಬಂದ ಪಾದ್ರಿಯನ್ನೇ ಶಿಲುಬೆಗೇರಿಸುತ್ತಾರೆ. ಎರಡೂ ದೊಡ್ಡ ಕತೆಗಳೇ, ಆದರೆ ಎರಡರಲ್ಲೂ ಧರ್ಮಸಂಕಟ ಭೂಮಿಯಿಂದ ಹೋದದ್ದು.

ದೂರದರ್ಶನಕ್ಕೆ ಬಂದರೆ, ಗೆಲಿಲಿಯೋ ಅಲ್ಲೂ ಬಿಡಲಿಲ್ಲ. ‘ಸ್ಟಾರ್ ಟ್ರೆಕ್: ವಾಯೇಜರ್’ನ 1997ರ ‘ಡಿಸ್ಟೆಂಟ್ ಆರಿಜಿನ್’ ಕಂತಿನಲ್ಲಿ ವೋತ್ ಎಂಬ ಸರೀಸೃಪ ಜನಾಂಗದ ವಿಜ್ಞಾನಿ ಗೆಗೆನ್, ತಮ್ಮ ಪೂರ್ವಜರು ಭೂಮಿಯ ಡೈನೋಸಾರ್‌ಗಳೆಂದು ಕಂಡುಕೊಳ್ಳುತ್ತಾನೆ. ಈ ಪ್ರದೇಶದಲ್ಲಿ ಮೊದಲು ಹುಟ್ಟಿದವರು ನಾವೇ ಎನ್ನುವುದು ವೋತ್‌ರ ಸಿದ್ಧಾಂತ. ವಲಸೆ ಬಂದವರು ಎಂದೊಪ್ಪಿದರೆ ಅವರ ಅಧಿಕಾರದ ಬುಡವೇ ಅಲುಗುತ್ತದೆ. ವಿಚಾರಣೆಯಲ್ಲಿ ಗೆಗೆನ್ ತನಗಾಗಿ ಬಗ್ಗುವುದಿಲ್ಲ. ಭೂಮಿಯಿಂದ ಬಂದ ವಾಯೇಜರ್ ನೌಕೆಯ ಸಿಬ್ಬಂದಿಯನ್ನು ಸೆರೆಗೆ ತಳ್ಳುವ ಬೆದರಿಕೆ ಬಂದಾಗ ಮಾತ್ರ ಹೇಳಿದ್ದನ್ನು ಹಿಂತೆಗೆದುಕೊಳ್ಳುತ್ತಾನೆ. ಬೀಳ್ಕೊಡುವಾಗ ನೌಕೆಯ ಉಪನಾಯಕ ಚಕೋಟೆ ಅವನ ಕೈಗೊಂದು ಪುಟ್ಟ ಭೂಗೋಳ ಕೊಡುತ್ತಾನೆ. ಧರ್ಮದ ಹೆಸರಿನಲ್ಲಿ ಕಾಪಾಡುತ್ತಿರುವುದು ದೇವರನ್ನಲ್ಲ, ಮೂಲನಿವಾಸಿ ಎಂಬ ಪಟ್ಟವನ್ನು ಎಂದು ಕಾಣಿಸಿದ್ದಕ್ಕೇ ಈ ಕಂತು ನೆನಪಿನಲ್ಲಿ ಉಳಿಯುವುದು.

ಸ್ಟೇಪಲ್ಡನ್‌ನ ದಾರಿಗೆ ಮತ್ತೆ ಬಂದದ್ದು ಆರ್ಸನ್ ಸ್ಕಾಟ್ ಕಾರ್ಡ್‌ರ ‘ಜೀನೋಸೈಡ್’ (1991). ಲುಸಿಟಾನಿಯಾ ಗ್ರಹದ ಮೂಲವಾಸಿಗಳಾದ ಪೆಕೆನಿನೋಗಳಿಗೆ ಪ್ರಾಣಿಯಾಗಿ ಬಾಳಿದ ಮೇಲೆ ಮರವಾಗಿ ಇನ್ನೊಂದು ಬಾಳು. ಆ ರೂಪಾಂತರ ಸಾಧ್ಯವಾಗುವುದು ಡೆಸ್ಕೊಲಾಡಾ ವೈರಸ್‌ನಿಂದ. ಮನುಷ್ಯರಿಗೆ ಅದೇ ಮಾರಿ. ಕ್ರೈಸ್ತರಾದ ಪೆಕೆನಿನೋಗಳಲ್ಲೇ ವಾರ್‌ಮೇಕರ್ ಎಂಬ ಪಿತೃವೃಕ್ಷ, ಆ ವೈರಸ್ಸೇ ಪವಿತ್ರಾತ್ಮ ಎಂದು ಸಾರುತ್ತದೆ. ತಿಳಿಹೇಳಲು ಹೋದ ಪಾದ್ರಿ ಎಸ್ತೆವಾವ್‌ನನ್ನು ಸೆರೆಹಿಡಿದು, ರೋಗ ತಡೆಯುವ ಆಹಾರವನ್ನಷ್ಟೇ ಅವನಿಗೆ ಕೊಡದೆ, ತೀರ್ಪನ್ನು ಪವಿತ್ರಾತ್ಮಕ್ಕೆ ಬಿಡುತ್ತಾರೆ. ಅವನು ಸಾಯುತ್ತಾನೆ. ಇಲ್ಲಿ ಪಾಷಂಡಿ ನಾಸ್ತಿಕನಲ್ಲ, ಎಲ್ಲರಿಗಿಂತ ಹೆಚ್ಚು ನಂಬಿದವನು. ವಾದವೂ ಅವರ ಮೈಯಿಂದಲೇ ಹುಟ್ಟಿದ್ದು; ಭೂಮಿಯ ಯಾವ ಧರ್ಮಸಭೆಯೂ ಇದನ್ನು ಮುಂಚೆ ಖಂಡಿಸಿಟ್ಟಿರಲು ಸಾಧ್ಯವಿಲ್ಲ. ಕಾದಂಬರಿಯ ಉಳಿದ ಭಾಗ ಉದ್ದುದ್ದ ಚರ್ಚೆಗಳಿಂದ ಜಗ್ಗುತ್ತದೆ, ಅದು ಬೇರೆ ಮಾತು.

ಆಮೇಲೆ ಈ ವಸ್ತು ವಿಡಿಯೋ ಗೇಮ್‌ಗೂ ಇಳಿಯಿತು. ‘ಹೇಲೋ 2’ (2004) ಆರಂಭವಾಗುವುದೇ ಬಾಹ್ಯಾಕಾಶದ ದೈತ್ಯ ಪವಿತ್ರ ಉಂಗುರವನ್ನು ಕಾಪಾಡದ ಪರಗ್ರಹದ ಸೇನಾನಿಯೊಬ್ಬನಿಗೆ ಧರ್ಮದ್ರೋಹದ ಬರೆ ಎಳೆಯುವುದರಿಂದ. ಅವನನ್ನೇ ಮತ್ತೊಬ್ಬ ಪಾಷಂಡಿಯನ್ನು ಕೊಲ್ಲಲು ಕಳಿಸುತ್ತಾರೆ, ಕೊಲ್ಲಿಸುವುದು ಆಟಗಾರನ ಕೈಯಿಂದ. ಸತ್ತವನು ಹೇಳಿದ್ದು ನಿಜವಿತ್ತೆಂದೂ ಆ ಉಂಗುರಗಳು ಮೋಕ್ಷದ ದಾರಿಯಲ್ಲ, ಸಾಮೂಹಿಕ ಸಂಹಾರದ ಅಸ್ತ್ರಗಳೆಂದೂ ತಿಳಿಯುವ ಹೊತ್ತಿಗೆ ಆಟ ಬಹಳ ಮುಂದೆ ಹೋಗಿರುತ್ತದೆ.