ಭೂತಬಂಗಲೆ (ಮನರಂಜನೆ)

ಟಿಕೆಟ್ ಕೊಂಡು ಒಳಹೊಕ್ಕು, ಕತ್ತಲ ಕೋಣೆಗಳಲ್ಲಿ ನಡೆಯುತ್ತಲೋ ಬಂಡಿಯಲ್ಲಿ ಸಾಗುತ್ತಲೋ, ಬೇಕೆಂದೇ ಹೆದರಿ ನಗುತ್ತ ಹೊರಬರುವಂತೆ ಕಟ್ಟಿದ ಮನರಂಜನಾ ಮನೆಗೆ ಭೂತಬಂಗಲೆ ಎಂದು ಹೆಸರು. ಜಾತ್ರೆಯ ತಗಡಿನ ಡೇರೆಯಿಂದ ಹಿಡಿದು ಅಮೆರಿಕದ ಥೀಮ್ ಪಾರ್ಕುಗಳ ಹ್ಯಾಲೋವೀನ್ ರಾತ್ರಿಗಳವರೆಗೆ ಇದರ ರೂಪಗಳು ಹಲವು. ಪುಣೆಯ ವಿಮಾನ ನಗರದಲ್ಲಿ ನೆಲೆಸಿದವರಿಗೆ ಇದರ ದೊಡ್ಡ ಉದಾಹರಣೆ ಮುಂಬಯಿ ದಾರಿಯ ಖೋಪೋಲಿ ಬಳಿಯ ಇಮ್ಯಾಜಿಕಾ ಪಾರ್ಕಿನ ‘ಸಲೀಂಗಢ’. ಒಳಗೆ ಏನಾದರೂ ಆದೀತೆಂಬ ಅಳುಕು, ಏನೂ ಆಗದೆಂಬ ಭರವಸೆ ಎರಡೂ ಕೂಡಿದಾಗಲೇ ಈ ಕಲೆಗೆ ಜೀವ. ಇದರ ಇತಿಹಾಸ ಹೆದರಿಸುವ ಕೌಶಲ ಬೆಳೆದ ಕಥೆಯಷ್ಟೇ ಅಲ್ಲ, ಆ ಭರವಸೆಯನ್ನು ಉಳಿಸಿಕೊಳ್ಳಲು ನಡೆದ ಪ್ರಯತ್ನದ ಕಥೆಯೂ ಹೌದು.

ದೇಸಿ ಹಿನ್ನೆಲೆ

ಸಭೆಯ ನಡುವೆ ಕೂತು ಹೆದರುವ ಸುಖ ಕನ್ನಡ ನಾಡಿಗೆ ಹೊಸದಲ್ಲ. ಕರಾವಳಿ ಮತ್ತು ಕಾಸರಗೋಡಿನ ತೆಂಕುತಿಟ್ಟು ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ಬಣ್ಣದ ವೇಷವೆಂದು ಹೆಸರು. ಅಕ್ಕಿಹಿಟ್ಟಿನ ಚುಟ್ಟಿಯಿಟ್ಟ ಮುಖ, ದೊಡ್ಡ ಕಿರೀಟ, ತೆರೆಯ ಹಿಂದಿನಿಂದ ಮೊದಲು ಕೇಳುವ ಆರ್ಭಟ, ಆಮೇಲೆ ಸ್ವಲ್ಪಸ್ವಲ್ಪವೇ ಕಾಣಿಸುವ ರೂಪ, ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆನ್ನುವ ಬೆಂಕಿ: ಇವೆಲ್ಲ ನಿದ್ದೆಗಣ್ಣಿನ ಮಕ್ಕಳನ್ನು ಅಮ್ಮನ ಸೆರಗಿಗೆ ಅಂಟಿಸುತ್ತಿದ್ದವು. ಬೆಳಗಿನ ಜಾವ ರಾಕ್ಷಸ ಸೋಲುತ್ತಾನೆ, ಮಂಗಳದೊಂದಿಗೆ ಆಟ ಮುಗಿಯುತ್ತದೆ. ತಡೆದು ತೋರಿಸುವುದು, ಕಾಣುವ ಮೊದಲೇ ಕೇಳಿಸುವುದು, ಕೊನೆಗೆ ಎಲ್ಲರನ್ನೂ ಸುಖವಾಗಿ ಮನೆಗೆ ಕಳಿಸುವುದು, ಈ ಮೂರನ್ನೂ ಇಂದಿನ ಭೂತಬಂಗಲೆ ಪಾಲಿಸುತ್ತದೆ.

ದೆವ್ವದ ಹೆಸರು ಹೊತ್ತ ನಿಜವಾದ ಕಟ್ಟಡಗಳನ್ನು ನೋಡಲು ಹೋಗುವ ರೂಢಿಯೂ ಹಳೆಯದು. ಪುಣೆಯ ಶನಿವಾರವಾಡಾ ಇದಕ್ಕೆ ಪ್ರಸಿದ್ಧ. ಒಂದನೆಯ ಬಾಜೀರಾವ್ 1730ರಲ್ಲಿ ಅಡಿಗಲ್ಲಿಟ್ಟ ಈ ಅರಮನೆಯಲ್ಲಿ 1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾವ್‌ನನ್ನು ಗಾರ್ದಿ ಕಾವಲುಗಾರರು ಕೊಂದರು. 1828ರ ಬೆಂಕಿಯಲ್ಲಿ ಒಳಗಿನ ಕಟ್ಟಡಗಳು ನಾಶವಾದವು. ‘ಕಾಕಾ ಮಲಾ ವಾಚವಾ’ (ಚಿಕ್ಕಪ್ಪಾ, ನನ್ನನ್ನು ಕಾಪಾಡು) ಎಂಬ ನಾರಾಯಣರಾವ್‌ನ ಕೂಗು ಹುಣ್ಣಿಮೆಯ ರಾತ್ರಿ ಇಂದಿಗೂ ಕೇಳುತ್ತದೆಂಬುದು ಊರಿನ ಐತಿಹ್ಯ. ಇದರ ಹಿಂದೆ ನಿಜವಾಗಿ ಸತ್ತ ಹುಡುಗನಿದ್ದಾನೆ, ಆದ್ದರಿಂದ ಕಥೆಯಲ್ಲಿ ಭಯಕ್ಕಿಂತ ದುಃಖವೇ ಹೆಚ್ಚು. ಮನರಂಜನೆಯ ಭೂತಬಂಗಲೆ ಇಂಥ ದುಃಖದ ಹೊರೆಯಿಲ್ಲದ, ಕಲ್ಪಿತ ಸಾವಿನ ಮನೆ.

ಬೆಳಕಿನ ಭೂತಗಳು

ಆಧುನಿಕ ಭೂತಬಂಗಲೆಯ ತಂತ್ರ ಹುಟ್ಟಿದ್ದು ಯುರೋಪಿನ ಪ್ರದರ್ಶನ ಮಂದಿರಗಳಲ್ಲಿ. ಬೆಲ್ಜಿಯಂನ ಲಿಯೇಜ್ ಮೂಲದ ಎತಿಯೆನ್ ಗಾಸ್ಪಾರ್ ರೊಬೆರ್‌ಸನ್ 1798ರಿಂದ ಪ್ಯಾರಿಸ್‌ನಲ್ಲಿ ‘ಫ್ಯಾಂಟಸ್ಮಗೋರಿಯಾ’ ನಡೆಸಿದ. ಮರುವರ್ಷ ಪಾಳುಬಿದ್ದ ಕಪುಚಿನ್ ಮಠವನ್ನೇ ರಂಗವಾಗಿ ಮಾಡಿಕೊಂಡ. ಚಕ್ರಗಳ ಮೇಲಿದ್ದ ಮ್ಯಾಜಿಕ್ ಲ್ಯಾಂಟರ್ನ್ ಅನ್ನು ಪರದೆಯ ಹಿಂದಿನಿಂದ ಹಿಂದೆ ಮುಂದೆ ಸರಿಸಿದರೆ ಪ್ರೇತ ದೊಡ್ಡದಾಗುತ್ತ ಪ್ರೇಕ್ಷಕರ ಮೇಲೆ ಬಿದ್ದಂತೆ ಕಾಣುತ್ತಿತ್ತು. ಅದೇ ಲ್ಯಾಂಟರ್ನ್ ಮಹಾರಾಷ್ಟ್ರದಲ್ಲಿ ಬೇರೆ ದಾರಿ ಹಿಡಿಯಿತು: ಕಲ್ಯಾಣದ ಮಹಾದೇವ ಪಟವರ್ಧನ್ 1892ರಲ್ಲಿ ಆರಂಭಿಸಿದ ‘ಶಾಂಬರಿಕ ಖರೋಲಿಕಾ’ ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರಗಳ ಮೂಲಕ ಪುರಾಣಕಥೆಗಳನ್ನು ಹೇಳಿತು.

1862ರ ಕ್ರಿಸ್‌ಮಸ್ ಮುನ್ನಾದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಇನ್ನೊಂದು ಚಮತ್ಕಾರ ತೋರಿಸಿದ. ಹೆನ್ರಿ ಡರ್ಕ್ಸ್‌ನ ಕಲ್ಪನೆಯನ್ನು ಸುಧಾರಿಸಿ ರೂಪಿಸಿದ ಈ ತಂತ್ರಕ್ಕೆ ‘ಪೆಪ್ಪರ್‌ನ ಭೂತ’ ಎಂದೇ ಹೆಸರಾಯಿತು. ವೇದಿಕೆಯ ಮುಂದೆ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿ ಪ್ರಖರ ಬೆಳಕಿನಲ್ಲಿ ನಿಂತ ನಟ. ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡಿ, ವೇದಿಕೆಯ ಮೇಲಿನ ನಟರ ನಡುವೆ ಪಾರದರ್ಶಕ ಭೂತ ಓಡಾಡಿದಂತೆ ತೋರುತ್ತಿತ್ತು. ಬೆಳಕು ಆರಿಸಿದರೆ ಭೂತ ಮಾಯ. ಈ ಸರಳ ತಂತ್ರ ಇಂದಿಗೂ ಬಳಕೆಯಲ್ಲಿದೆ.

ಮೇಳದ ಮೈದಾನದಿಂದ ಪಾರ್ಕಿಗೆ

ಇಂಗ್ಲೆಂಡಿನ ಆರ್ಟನ್ ಅಂಡ್ ಸ್ಪೂನರ್ ಸಂಸ್ಥೆ 1915ರ ಸುಮಾರಿಗೆ ಕಟ್ಟಿದ, ಉಗಿಯಂತ್ರದಿಂದ ನಡೆಯುವ ಭೂತದ ಮನೆ ಉಳಿದಿರುವ ಹಳೆಯ ಮಾದರಿಗಳಲ್ಲಿ ಒಂದು. ಅಲುಗುವ ನೆಲ, ತೂಗಾಡುವ ಮೆಟ್ಟಿಲುಗಳೇ ಅದರ ಬಂಡವಾಳ. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗರ ಪುಂಡಾಟ ಮಿತಿಮೀರಿದಾಗ, ಅವರನ್ನು ಬೀದಿಯಿಂದ ದೂರವಿಡಲು ಹಿರಿಯರು ಮನೆಗಳ ನೆಲಮಾಳಿಗೆಯಲ್ಲಿ ‘ಭಯದ ದಾರಿ’ಗಳನ್ನು ಏರ್ಪಡಿಸಿದರು. ಮಹಾಯುದ್ಧದ ಬಳಿಕ ಯುವಜನ ಸಂಘಗಳು ಸೇವಾಕಾರ್ಯಗಳಿಗೆ ಹಣ ಕೂಡಿಸಲು ಇದನ್ನೇ ಮುಂದುವರಿಸಿದವು.

1969ರ ಆಗಸ್ಟ್ 9ರಂದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ‘ಹಾಂಟೆಡ್ ಮ್ಯಾನ್ಷನ್’ ತೆರೆಯಿತು. ಹೊರಕಟ್ಟಡ 1963ಕ್ಕೇ ಎದ್ದಿತ್ತು. ನಡೆದು ನೋಡುವ ಮನೆಯೆಂದು ಮೊದಲು ಯೋಚಿಸಿದ್ದರೂ, ಹೆಚ್ಚು ಜನರನ್ನು ತಡೆಯಿಲ್ಲದೆ ಒಯ್ಯಲು ಕೊನೆಗೆ ಸದಾ ಚಲಿಸುವ ಬಂಡಿಗಳ ಸಾಲನ್ನು ಆರಿಸಿಕೊಂಡರು. ಅದರ ನೃತ್ಯಶಾಲೆಯಲ್ಲಿ ತಿರುಗುವ ದೆವ್ವಗಳು ಪೆಪ್ಪರ್‌ನ ಗಾಜಿನ ತಂತ್ರದ ಬೃಹತ್ ರೂಪ.

ಇದೇ ರಾಜ್ಯದ ನಾಟ್ಸ್ ಬೆರಿ ಫಾರ್ಮ್ 1973ರ ಅಕ್ಟೋಬರಿನಲ್ಲಿ ಕೆಲವು ರಾತ್ರಿ ಇಡೀ ಪಾರ್ಕನ್ನೇ ಭೂತದ ಊರಾಗಿ ಮಾಡಿತು. ಯಂತ್ರದ ಬೊಂಬೆಗಳ ಜಾಗಕ್ಕೆ ವೇಷ ಹಾಕಿದ ನಟರು ಬಂದರು. ಫ್ಲಾರಿಡಾದ ಯೂನಿವರ್ಸಲ್ ಸ್ಟುಡಿಯೋಸ್ 1991ರಲ್ಲಿ ‘ಫ್ರೈಟ್ ನೈಟ್ಸ್’ ಆರಂಭಿಸಿ, ಮರುವರ್ಷ ಅದನ್ನು ‘ಹ್ಯಾಲೋವೀನ್ ಹಾರರ್ ನೈಟ್ಸ್’ ಎಂದು ಕರೆಯಿತು. ಸಿನಿಮಾ ಸೆಟ್ ಕಟ್ಟುವವರು, ಮೇಕಪ್ ಕಲಾವಿದರು ಕೈಜೋಡಿಸಿದ್ದರಿಂದ ಪ್ರತಿ ವರ್ಷ ಹೊಸ ಕಥೆಯ ಹೊಸ ಮನೆಗಳು ಏಳತೊಡಗಿದವು. 2011ರಲ್ಲಿ ಈ ಉತ್ಸವ ಸಿಂಗಪುರಕ್ಕೆ ಬಂತು.

ಭಾರತ, ಕರ್ನಾಟಕ, ಪುಣೆ

ಭಾರತದಲ್ಲಿ ಬಹುಜನ ಕಂಡ ಭೂತಬಂಗಲೆ ಜಾತ್ರೆ ಮತ್ತು ವಸ್ತುಪ್ರದರ್ಶನಗಳದ್ದು. ಜಯಂಟ್ ವೀಲ್ ಪಕ್ಕದಲ್ಲಿ ರಾಕ್ಷಸನ ಬಾಯಿಯಂಥ ಬಾಗಿಲು, ಒಳಗೆ ಕೆಂಪು ಬಲ್ಬು, ಥರ್ಮಾಕೋಲಿನ ಅಸ್ಥಿಪಂಜರ, ಮೂಲೆಯಿಂದ ಹಾರುವ ಕಪ್ಪುಬಟ್ಟೆಯ ಹುಡುಗ. ದೊಡ್ಡ ಪಾರ್ಕುಗಳು 1980ರ ದಶಕದಲ್ಲಿ ಬಂದವು: ದಿಲ್ಲಿಯ ಅಪ್ಪು ಘರ್ 1984ರಲ್ಲಿ, ಮುಂಬಯಿಯ ಎಸ್ಸೆಲ್‌ವರ್ಲ್ಡ್ 1989ರಲ್ಲಿ. ಎಸ್ಸೆಲ್‌ವರ್ಲ್ಡಿನ ‘ಮಾನ್‌ಸ್ಟರ್ಸ್ ಇನ್ ದಿ ಮಿಸ್ಟ್’ ಒಂದು ತಲೆಮಾರಿಗೆ ಪರಿಚಿತ. ಕರ್ನಾಟಕದಲ್ಲಿ ಬಿಡದಿಯ ಇನ್ನೋವೇಟಿವ್ ಫಿಲ್ಮ್ ಸಿಟಿ ಭೂತದ ಮನೆಯನ್ನು ತನ್ನ ಆಕರ್ಷಣೆಗಳಲ್ಲಿ ಸೇರಿಸಿಕೊಂಡಿತು.

ಪುಣೆ ಭಾಗದ ದೊಡ್ಡ ತಿರುವು 2013ರದು. ಆ ಏಪ್ರಿಲ್‌ನಲ್ಲಿ ಆ್ಯಡ್‌ಲ್ಯಾಬ್ಸ್ ಸ್ಥಾಪಕ ಮನಮೋಹನ್ ಶೆಟ್ಟಿ ರಾಯಗಡ ಜಿಲ್ಲೆಯ ಖೋಪೋಲಿ ಬಳಿ, ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಗೆ ಹತ್ತಿರ, ಇಮ್ಯಾಜಿಕಾ ತೆರೆದರು. ಅಲ್ಲಿನ ಸಲೀಂಗಢ ನಡೆದು ನೋಡುವ ದೆವ್ವದ ಕೋಟೆ. ವಿದೇಶಿ ಬಂಗಲೆಯ ನಕಲು ಮಾಡದೆ ಭಾರತೀಯ ಕೋಟೆಯ ಕಲ್ಪನೆಯನ್ನು ಆರಿಸಿಕೊಂಡದ್ದು ಇದರ ವಿಶೇಷ. 2022ರಲ್ಲಿ ಪಾರ್ಕ್ ಮಲಪಾನಿ ಸಮೂಹದ ಕೈಗೆ ಬಂತು. ಈ ಮನರಂಜನೆ ಪಾರ್ಕಿಗಷ್ಟೇ ಸೀಮಿತವಲ್ಲ. ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ವಿಮಾನ ನಗರ ಐಟಿ ಉದ್ಯೋಗಿಗಳ, ವಿದ್ಯಾರ್ಥಿಗಳ ಬಡಾವಣೆ. ಅಕ್ಟೋಬರ್ ಕೊನೆಗೆ ಕುಂಬಳಕಾಯಿ ದೀಪ, ಮಾಟಗಾತಿ ಟೋಪಿಗಳ ಹ್ಯಾಲೋವೀನ್ ಈಗ ಭಾರತದ ಇಂಥ ನಗರ ಬಡಾವಣೆಗಳ ರೂಢಿಯಾಗುತ್ತಿದೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಟ್ಟ ಮನೆಯ ಮಕ್ಕಳೇ ಕೆಲವೇ ವಾರಗಳಲ್ಲಿ ಈ ವೇಷ ತೊಡುತ್ತಾರೆ.

ಸುರಕ್ಷತೆ

ಈ ಕಲೆಯ ಅತಿ ದಾರುಣ ದಿನ 1984ರ ಮೇ 11. ಅಮೆರಿಕದ ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನ ‘ಹಾಂಟೆಡ್ ಕ್ಯಾಸಲ್’ನಲ್ಲಿ ಬೆಂಕಿ ಬಿದ್ದು ಎಂಟು ಹದಿಹರೆಯದವರು ಸತ್ತರು. ಕತ್ತಲಲ್ಲಿ ದಾರಿ ಹುಡುಕಲು ಯಾರೋ ಹಚ್ಚಿದ ಲೈಟರ್ ಗೋಡೆಯ ಫೋಮ್‌ಗೆ ತಗುಲಿತೆಂದು ತನಿಖೆಯಲ್ಲಿ ಹೇಳಲಾಯಿತು. ಸಾಲಾಗಿ ಜೋಡಿಸಿದ ಟ್ರೈಲರ್‌ಗಳಿಂದ ಕಟ್ಟಿದ ಆ ಮನೆಗೆ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ಇರಲಿಲ್ಲ, ಹೊಗೆ ಪತ್ತೆಯ ಸಾಧನವೂ ಇರಲಿಲ್ಲ. ಆ ಬಳಿಕ ಅಮೆರಿಕದಲ್ಲಿ ನಿಯಮ ಬಿಗಿಯಾಯಿತು: ಸ್ಪ್ರಿಂಕ್ಲರ್ ಕಡ್ಡಾಯ, ಹೊಗೆ ಕಂಡೊಡನೆ ಗದ್ದಲ ನಿಂತು ದೀಪ ಹೊತ್ತಿ ಹೊರದಾರಿ ಕಾಣಬೇಕು.

ಭಾರತದಲ್ಲಿ 2024ರ ಮೇ 25ರಂದು ರಾಜಕೋಟದ ಗೇಮ್ ಜೋನ್ ಬೆಂಕಿ ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದು ಭೂತಬಂಗಲೆಯಲ್ಲ, ಆದರೆ ಪಾಠ ಒಂದೇ. ಪ್ಲೈವುಡ್, ಬಟ್ಟೆ, ಥರ್ಮಾಕೋಲ್, ವೈರುಗಳಿಂದ ತುಂಬಿದ ಇಕ್ಕಟ್ಟಿನ ಕತ್ತಲಿಗೆ ಜನ ನಂಬಿಕೆಯ ಮೇಲೆ ಕಾಲಿಡುತ್ತಾರೆ. ಜಾತ್ರೆಯ ನಾಲ್ಕು ದಿನದ ಡೇರೆಗೂ ಎರಡನೆಯ ಬಾಗಿಲು, ಬೆಂಕಿ ನಂದಿಸುವ ಸಾಧನ, ದೀಪ ಹಚ್ಚಬಲ್ಲ ಒಬ್ಬ ಕೆಲಸಗಾರ ಬೇಕೇ ಬೇಕು. ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಮಿನುಗುಬೆಳಕಿನಿಂದ ಅಪಸ್ಮಾರ ಬರುವವರಿಗೆ ಬಾಗಿಲಲ್ಲೇ ಎಚ್ಚರಿಕೆ ಹೇಳಬೇಕು. ನಟರು ಪ್ರೇಕ್ಷಕರನ್ನು ಮುಟ್ಟಬಾರದೆಂಬುದು ಬಹುತೇಕ ಪಾರ್ಕುಗಳ ನಿಯಮ, ಪ್ರೇಕ್ಷಕರೂ ನಟರನ್ನು ಮುಟ್ಟುವಂತಿಲ್ಲ.

ಮಹತ್ವ

ಬೆಳಕು, ಗಾಜು, ಧ್ವನಿ, ಬಡಗಿಕೆಲಸ, ಮೇಕಪ್, ಅಭಿನಯ ಒಂದೇ ಸೂರಿನಡಿ ಸೇರುವ ಈ ಮನೆ ಗಂಭೀರ ಕರಕೌಶಲದ ಕ್ಷೇತ್ರ. ಬಣ್ಣದ ವೇಷದ ಮುಖವರ್ಣಿಕೆ, ತೊಗಲುಗೊಂಬೆಯ ನೆರಳು, ದೊಂದಿಯ ಬೆಳಕಿನ ಲೆಕ್ಕಾಚಾರ ಬಲ್ಲ ಕಲಾವಿದರು ನಮ್ಮಲ್ಲಿದ್ದಾರೆ. ಸಲೀಂಗಢ ದೇಸಿ ಕೋಟೆಯೊಂದನ್ನು ಆರಿಸಿಕೊಂಡಂತೆ, ಮುಂದಿನ ಪಾರ್ಕುಗಳು ಈ ಕಲಾವಿದರನ್ನು ಕರೆದು ಕೆಲಸ ಕೊಟ್ಟರೆ ಹ್ಯಾಲೋವೀನ್ ಅಸ್ಥಿಪಂಜರಗಳ ಜೊತೆಗೆ ಈ ನೆಲದ ರಾಕ್ಷಸರೂ ಕತ್ತಲಲ್ಲಿ ಆರ್ಭಟಿಸಿಯಾರು, ಹಳ್ಳಿಯ ಕಲಾವಿದನಿಗೆ ನಗರದಲ್ಲಿ ಸಂಬಳದ ವೇದಿಕೆಯೂ ದೊರೆತೀತು.