ಎಳೆಗೂಸಿನ ಅಳು: ಕಾರಣ, ಸಾಂತ್ವನ, ಎಚ್ಚರಿಕೆ

ಮಾತು ಬಾರದ ಕೂಸಿಗೆ ಅಳುವೇ ಮಾತು. ಹಸಿವು, ಒದ್ದೆ, ಸೆಕೆ, ನಿದ್ದೆ, ನೋವು ಎಲ್ಲವನ್ನೂ ಅದು ಅಳುವಿನಲ್ಲೇ ಹೇಳಿಕೊಳ್ಳುತ್ತದೆ. ಕೆಲವೊಮ್ಮೆ ಹೇಳುವುದಕ್ಕೆ ಏನೂ ಇಲ್ಲದಿದ್ದರೂ ಗಂಟೆಗಟ್ಟಲೆ ಅಳುತ್ತದೆ. ಅಜ್ಜಿ, ಅತ್ತಿಗೆ, ಚಿಕ್ಕಮ್ಮಂದಿರು ತುಂಬಿದ ಮನೆಯಲ್ಲಿ ಅಳುವ ಕೂಸು ಕೈಯಿಂದ ಕೈಗೆ ದಾಟುತ್ತಿತ್ತು. ನಗರದ ಪುಟ್ಟ ಮನೆಯಲ್ಲಿ ಅದು ಬಹುಪಾಲು ಬಾಣಂತಿಯ ತೋಳಿನಲ್ಲೇ ಉಳಿಯುತ್ತದೆ. ನಡುರಾತ್ರಿಯಲ್ಲಿ ಅಳು ನಿಲ್ಲದಾದಾಗ ಹೆತ್ತವರು ಕಂಗೆಡುವುದು ಸಹಜ.

ಆದರೆ ಹೇಗಾದರೂ ಅಳು ನಿಲ್ಲಿಸಬೇಕೆಂಬ ಆತುರದಲ್ಲಿ ಮಾಡುವ ಕೆಲವು ಕೆಲಸಗಳು ಅಳುವಿಗಿಂತ ಎಷ್ಟೋ ಪಾಲು ಅಪಾಯಕಾರಿ. ಸಹಜವಾದ ಅಳು ಯಾವುದು, ಅದನ್ನು ತಣಿಸುವ ಬಗೆ ಹೇಗೆ, ಯಾವ ಅಳುವಿಗೆ ತಡಮಾಡದೆ ವೈದ್ಯರನ್ನು ಕಾಣಬೇಕು ಎಂಬುದನ್ನು ಬೇರ್ಪಡಿಸಿ ತಿಳಿದಿರುವುದು ಆದ್ದರಿಂದಲೇ ಅಗತ್ಯ.

ಅಳುವಿಗೂ ಇದೆ ಕಾಲಕ್ರಮ

ಅಮೆರಿಕದ ಮಕ್ಕಳ ತಜ್ಞ ಟಿ. ಬೆರಿ ಬ್ರೆಜಲ್ಟನ್ 1962ರಲ್ಲಿ 80 ಶಿಶುಗಳ ಅಳುವಿನ ದಿನಚರಿಯನ್ನು ತಾಯಂದಿರಿಂದ ಬರೆಸಿ ಪ್ರಕಟಿಸಿದರು. ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆಯಷ್ಟಿದ್ದ ಅಳು ಆರನೆಯ ವಾರದ ಹೊತ್ತಿಗೆ ಎರಡೂಮುಕ್ಕಾಲು ಗಂಟೆಗೆ ಏರಿ, ಬಳಿಕ ಇಳಿಮುಖವಾದುದು ಅದರಲ್ಲಿ ಕಂಡುಬಂತು. ಸಾಮಾನ್ಯವಾಗಿ ಮೂರು, ನಾಲ್ಕು ತಿಂಗಳ ವೇಳೆಗೆ ಅಳು ಗಣನೀಯವಾಗಿ ತಗ್ಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಈ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಗೊತ್ತುಪಡಿಸಿದ್ದ ದಿನದಿಂದ ಹಿಡಿಯಬೇಕು.

ಆರೋಗ್ಯವಂತ ಶಿಶುವೊಂದು ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು, ಮೂರು ವಾರಕ್ಕೂ ಮೀರಿ ಅತ್ತರೆ ಅದನ್ನು ‘ಕಾಲಿಕ್’ ಎನ್ನಬೇಕೆಂದು ಮಾರಿಸ್ ವೆಸೆಲ್ ಮತ್ತು ಸಂಗಡಿಗರು 1954ರಲ್ಲಿ ಸೂತ್ರೀಕರಿಸಿದರು. ಕೂಸು ಮುಷ್ಟಿ ಬಿಗಿಹಿಡಿದು, ಮುಖ ಕೆಂಪಾಗಿಸಿ, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುವುದರಿಂದ ಇದನ್ನು ಹೊಟ್ಟೆನೋವೆಂದೇ ಜನ ಭಾವಿಸುತ್ತಾರೆ. ಆದರೆ ಇದಕ್ಕೆ ಖಚಿತವಾದ ಒಂದೇ ಕಾರಣ ಇಂದಿಗೂ ಸ್ಥಾಪಿತವಾಗಿಲ್ಲ. ಅಳುವಾಗ ಗಾಳಿ ನುಂಗುವುದರಿಂದಲೂ ಹೊಟ್ಟೆ ಉಬ್ಬುತ್ತದೆ.

ಈ ಅಳು ಹೆಚ್ಚಾಗಿ ಮುಸ್ಸಂಜೆಯಿಂದ ಆರಂಭವಾಗಿ ರಾತ್ರಿಯವರೆಗೆ ಸಾಗುತ್ತದೆ. ಹೊತ್ತು ಮುಳುಗುವಾಗ ಕೂಸಿಗೆ ದೃಷ್ಟಿ ತಾಗಿತೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸುವ ಪದ್ಧತಿ ಬೆಳೆದುಬರಲು ಇದೂ ಒಂದು ಕಾರಣವಿರಬಹುದು. ನಿವಾಳಿಸುವುದರಿಂದ ಕೇಡಿಲ್ಲ, ಆ ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿ ಘಾಟು ಎಬ್ಬಿಸುವುದು ಕೂಸಿನ ಉಸಿರಿಗೆ ಕೇಡು.

ಮೊದಲು ಪರಿಶೀಲಿಸಬೇಕಾದ ಅಂಶಗಳು

ಹಸಿವು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ನವಜಾತ ಶಿಶುವಿಗೆ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲೂಡಿಸಬೇಕಾಗುತ್ತದೆ. ಬಾಯಿ ಚಪ್ಪರಿಸುವುದು, ತಲೆ ಹೊರಳಿಸಿ ಮೊಲೆ ಹುಡುಕುವುದು, ಕೈ ಚೀಪುವುದು ಹಸಿವಿನ ಆರಂಭದ ಸೂಚನೆಗಳು. ಅಳು ತಡವಾಗಿ ಬರುವ ಸೂಚನೆ. ಜೋರಾಗಿ ಅಳುತ್ತಿರುವ ಕೂಸು ಮೊಲೆಯನ್ನು ಸರಿಯಾಗಿ ಹಿಡಿಯಲಾರದು. ಮೊದಲು ಸಮಾಧಾನಪಡಿಸಿ ಬಳಿಕ ಹಾಲೂಡಿಸಬೇಕು. ಹುಟ್ಟಿದ ಮೊದಲ ವಾರದ ನಂತರ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕೂಸು ಅಳುತ್ತದೆ ಎಂಬ ಒಂದೇ ಕಾರಣಕ್ಕೆ ಹಾಲು ಸಾಲದೆಂದು ತೀರ್ಮಾನಿಸಿ ಪುಡಿಹಾಲಿಗೆ ಇಳಿಯುವುದು ಸರಿಯಲ್ಲ.

ಹಾಲೂಡಿಸಿದ ಮೇಲೆ ಹೆಗಲಿಗೆ ಒರಗಿಸಿಕೊಂಡು ತೇಗು ಬರಿಸಬೇಕು. ಬಟ್ಟೆ ಇಲ್ಲವೇ ಡೈಪರ್ ಒದ್ದೆಯಾಗಿದೆಯೇ, ತೊಡೆಸಂದಿ ಕೆಂಪಾಗಿದೆಯೇ ಎಂದು ನೋಡಬೇಕು. ಬಾಣಂತನದ ಕೋಣೆಯನ್ನು ಬೆಚ್ಚಗಿಡುವ ಭರದಲ್ಲಿ ಕೂಸಿಗೆ ಕುಲಾವಿ, ಸ್ವೆಟರ್, ಕಂಬಳಿ ಎಲ್ಲವನ್ನೂ ಹೊದಿಸಿ ಸೆಕೆಗೆ ಅಳಿಸುವುದುಂಟು. ಕೈಕಾಲು ತಣ್ಣಗಿರುವುದು ಎಳೆಗೂಸಿನಲ್ಲಿ ಸಾಮಾನ್ಯ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿದರೆ ಸೆಕೆ, ಚಳಿಯ ಅಂದಾಜು ಸಿಗುತ್ತದೆ. ಉಡಿದಾರ, ಕಾಲ್ಗೆಜ್ಜೆ, ಕರಿಮಣಿ ಬಿಗಿಯಾಗಿವೆಯೇ, ಕಾಲ್ಬೆರಳಿಗೆ ತಲೆಗೂದಲೋ ನೂಲೋ ಸುತ್ತಿಕೊಂಡಿದೆಯೇ, ಇರುವೆ ಕಚ್ಚಿದೆಯೇ ಎಂದು ಬಟ್ಟೆ ಬಿಚ್ಚಿ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಬೆರಳಿಗೆ ಸುತ್ತಿದ ಕೂದಲು ರಕ್ತಸಂಚಾರವನ್ನೇ ತಡೆಯಬಲ್ಲದು.

ಸಂತೈಸುವ ವಿಧಾನಗಳು

ಒಂಬತ್ತು ತಿಂಗಳು ಇಕ್ಕಟ್ಟು, ಅಲುಗಾಟ ಮತ್ತು ನಿರಂತರ ಸದ್ದಿನ ನಡುವೆ ಬೆಳೆದ ಕೂಸಿಗೆ ಹೊರಗಿನ ನಿಶ್ಚಲತೆ ಅಪರಿಚಿತ. ತಲೆಮಾರುಗಳಿಂದ ಬಂದ ಉಪಾಯಗಳಲ್ಲಿ ಹಲವು ಗರ್ಭದ ಅನುಭವವನ್ನೇ ಮರಳಿ ಕೊಡುವಂಥವು.

ಎದೆಗಪ್ಪಿಕೊಳ್ಳುವುದು: ಡೈಪರ್ ಮಾತ್ರ ತೊಡಿಸಿದ ಕೂಸನ್ನು ತಾಯಿಯ ಅಥವಾ ತಂದೆಯ ಬರಿ ಎದೆಯ ಮೇಲೆ ಒರಗಿಸಿ, ಮೇಲೆ ಬಟ್ಟೆ ಹೊದಿಸಿದರೆ ಮೈಶಾಖ ಮತ್ತು ಎದೆಬಡಿತ ಎರಡೂ ದೊರೆಯುತ್ತವೆ. ಮೂಗು, ಬಾಯಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಎತ್ತಿಕೊಳ್ಳುವುದು: ಎತ್ತಿಕೊಂಡರೆ ಕೈಗೂಸಾಗಿ ಹಟ ಕಲಿಯುತ್ತದೆ ಎಂಬ ಮಾತು ಈ ವಯಸ್ಸಿಗೆ ಅನ್ವಯಿಸದು. ಊರ್ಸ್ ಹುಂಜಿಕರ್ ಮತ್ತು ರೊನಾಲ್ಡ್ ಬಾರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳಲಿ ಬಿಡಲಿ, ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಶಿಶುಗಳ ಅಳು, ಕಿರಿಕಿರಿ ಆರನೆಯ ವಾರದಲ್ಲಿ ಶೇ 43ರಷ್ಟು ಕಡಿಮೆಯಿತ್ತು. ಆದರೆ ಕಾಲಿಕ್ ಶುರುವಾದ ಮೇಲೆ ಚಿಕಿತ್ಸೆಯೆಂದು ಇದನ್ನು ಪ್ರಯೋಗಿಸಿದಾಗ ಅಂಥ ಫಲ ಕಾಣಲಿಲ್ಲ.

ನಡೆದಾಡುವುದು: ಕೂಸನ್ನು ಎತ್ತಿಕೊಂಡು ಕೂರುವುದಕ್ಕಿಂತ ನಡೆಯುವುದು ಹೆಚ್ಚು ಪರಿಣಾಮಕಾರಿ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ 21 ಶಿಶುಗಳ ಅಧ್ಯಯನವನ್ನು ಪ್ರಕಟಿಸಿ ಒಂದು ಕ್ರಮವನ್ನು ಸೂಚಿಸಿದರು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಗತಿಯಲ್ಲಿ ನಡೆಯಬೇಕು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಕೂತು ತೋಳಿನಲ್ಲೇ ಹಿಡಿದಿರಬೇಕು, ಆಮೇಲೆ ಮಲಗಿಸಬೇಕು. ನಿದ್ದೆ ಬಂದ ಕೂಡಲೇ ಇಳಿಸಿದರೆ ಎಚ್ಚರಗೊಳ್ಳುವ ಸಂಭವ ಹೆಚ್ಚು.

ಬಟ್ಟೆಯಲ್ಲಿ ಸುತ್ತುವುದು: ತೆಳುವಾದ ಹತ್ತಿ ಬಟ್ಟೆಯಲ್ಲಿ ಕೈಗಳನ್ನು ಹದವಾಗಿ ಸುತ್ತಿದರೆ ಕೂಸು ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ. ಸೊಂಟ, ಕಾಲುಗಳ ಭಾಗ ಸಡಿಲವಾಗಿರಬೇಕು. ಕಾಲುಗಳನ್ನು ನೀಳವಾಗಿ ಚಾಚಿ ಬಿಗಿದು ಕಟ್ಟಿದರೆ ಸೊಂಟದ ಕೀಲು ಜರುಗಬಹುದು. ಕೂಸು ಮಗ್ಗುಲಾಗಲು ಯತ್ನಿಸತೊಡಗಿದೊಡನೆ ಸುತ್ತುವುದನ್ನು ನಿಲ್ಲಿಸಬೇಕು.

ದನಿ ಮತ್ತು ಲಯ: ಜೋಗುಳ ಒಂದೇ ಸ್ವರಗತಿಯಲ್ಲಿ ಮತ್ತೆ ಮತ್ತೆ ಬರುವ ಹಾಡು. ಸಾಹಿತ್ಯ ಕೂಸಿಗೆ ತಿಳಿಯದಿದ್ದರೂ ಪರಿಚಿತ ದನಿ, ನಿಧಾನದ ಲಯ ತಿಳಿಯುತ್ತವೆ. ಹಾಡಲು ಬಾರದವರು ಕಿವಿಯ ಬಳಿ ‘ಶ್’ ಎಂದು ಮೆಲ್ಲಗೆ ಹೇಳುತ್ತಿದ್ದರೂ ಸಾಕು. ಮೊಬೈಲ್ ಅಥವಾ ಯಂತ್ರದಿಂದ ಸದ್ದು ಹೊರಡಿಸುವುದಾದರೆ ಅದು ತೊಟ್ಟಿಲಿನಿಂದ ದೂರವಿರಬೇಕು, ದನಿ ತಗ್ಗಿರಬೇಕು.

ಒಂದು ಉಪಾಯವನ್ನು ಕೆಲವು ನಿಮಿಷವಾದರೂ ಮುಂದುವರಿಸಿ ನೋಡಬೇಕು. ಗಳಿಗೆಗೊಂದರಂತೆ ಬದಲಿಸಿದರೆ ಕೂಸಿನ ಉದ್ವೇಗ ಹೆಚ್ಚುತ್ತದೆ. ಬೆಳಕು ತಗ್ಗಿಸಿ, ನೆಂಟರ ಗುಂಪನ್ನು ಕೋಣೆಯಿಂದ ಕಳುಹಿಸಿದರೆ ಸುಮ್ಮನಾಗುವ ಕೂಸುಗಳೂ ಉಂಟು.

ಮಲಗಿಸುವಾಗ

ಸಮಾಧಾನಗೊಂಡ ಕೂಸನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಬೋರಲು ಅಥವಾ ಮಗ್ಗುಲಾಗಿ ಹಿಡಿಯುವುದು ತೋಳಿನಲ್ಲಿರುವಾಗ ಮಾತ್ರ. ತಲೆ ದುಂಡಗಾಗಲೆಂದು ಇಡುವ ರಾಗಿ ಅಥವಾ ಸಾಸಿವೆ ದಿಂಬು, ಮೆತ್ತನೆಯ ಬೊಂಬೆ, ದಪ್ಪ ಕೌದಿ ಕೂಸಿನ ಬಳಿ ಇರಬಾರದು. ಸೀರೆಯ ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರಿಗೆ ಅಡ್ಡಿಯಾಗುವ ಅಪಾಯವಿರುವುದರಿಂದ ಅಲ್ಲಿ ಒಂಟಿಯಾಗಿ ಬಿಟ್ಟು ಹೋಗಬಾರದು. ಕೂಸನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ನಿದ್ದೆಹೋಗುವುದು ಇನ್ನೂ ಅಪಾಯಕಾರಿ.

ಮಾಡಬಾರದ ಕೆಲಸಗಳು

ಮೊದಲ ಆರು ತಿಂಗಳು ತಾಯಿಹಾಲಿನ ಹೊರತು ನೀರನ್ನೂ ಕೊಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವೈದ್ಯರು ಬರೆದುಕೊಟ್ಟ ಔಷಧಿಗೆ ಮಾತ್ರ ಇದರಿಂದ ವಿನಾಯಿತಿ.

ಮನೆಮನೆಯ ಗ್ರೈಪ್ ವಾಟರ್ ಅನ್ನು 1851ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದವರು ವಿಲಿಯಂ ವುಡ್‌ವರ್ಡ್. ಮೂಲ ಮಿಶ್ರಣದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜತೆ ಮದ್ಯಸಾರವೂ ಇತ್ತು. ಮದ್ಯಸಾರವಿಲ್ಲದ ಈಗಿನ ಮಿಶ್ರಣಗಳಿಂದಲೂ ಅಳು ಗುಣವಾಗುತ್ತದೆಂಬುದಕ್ಕೆ ದೃಢವಾದ ಆಧಾರವಿಲ್ಲ.

ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿಯೂ ಇದೆ. ಬಜೆಯಲ್ಲಿರುವ ಬೀಟಾ ಆಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿಕರವೆಂದು ಕಂಡುಬಂದುದರಿಂದ ಅಮೆರಿಕ 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಜಾಯಿಕಾಯಿ ಪ್ರಮಾಣ ಮೀರಿದರೆ ಮಂಪರು ತರಿಸುತ್ತದೆ. ಮಂಪರಿನಲ್ಲಿರುವ ಕೂಸು ಅಳುವುದಿಲ್ಲ, ಹಾಲನ್ನೂ ಕುಡಿಯುವುದಿಲ್ಲ. ಜೇನುತುಪ್ಪದಿಂದ ‘ಬಾಟ್ಯುಲಿಸಂ’ ಎಂಬ ನರದೌರ್ಬಲ್ಯದ ಕಾಯಿಲೆ ತಗಲುವ ಸಂಭವವಿರುವುದರಿಂದ ಒಂದು ವರ್ಷದವರೆಗೆ ಅದು ವರ್ಜ್ಯ.

ಅಂಗಡಿಯಿಂದ ತಾವಾಗಿ ಹನಿ ಔಷಧಿ ತರುವುದೂ ಸಲ್ಲದು. ಹೊಟ್ಟೆನೋವಿಗೆ ಬಳಸುವ ಡೈಸೈಕ್ಲೋಮಿನ್ ಉಸಿರಾಟದ ತೊಂದರೆ ತರಬಲ್ಲದಾದ್ದರಿಂದ ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ನಿಷಿದ್ಧ. ಮೂಗಿಗೆ ಎಣ್ಣೆ ಬಿಡುವುದು, ಮುಖಕ್ಕೆ ಸಾಂಬ್ರಾಣಿ ಹೊಗೆ ಹಿಡಿಯುವುದು ಶ್ವಾಸಕೋಶಕ್ಕೆ ಹಾನಿಕರ. ಬಾಲಗ್ರಹವೆಂದು ಹೊಟ್ಟೆಗೆ ಬರೆ ಹಾಕಿಸುವುದು ಶುದ್ಧ ಹಿಂಸೆ. ಸುಟ್ಟ ಗಾಯ ನಂಜೇರಿ ಪ್ರಾಣಕ್ಕೇ ಎರವಾಗಬಹುದು.

ಕೂಸನ್ನು ಕುಲುಕಬಾರದು

ಎಳೆಗೂಸಿನ ತಲೆ ಭಾರ, ಕತ್ತು ದುರ್ಬಲ. ಸಿಟ್ಟಿನಿಂದ ಕೂಸಿನ ರಟ್ಟೆ ಅಥವಾ ಪಕ್ಕೆ ಹಿಡಿದು ಕೆಲವೇ ಕ್ಷಣ ಜೋರಾಗಿ ಕುಲುಕಿದರೂ ಮಿದುಳಿನ ಸುತ್ತಲಿನ ರಕ್ತನಾಳಗಳು ಹರಿಯಬಹುದು. ಹೊರಗೆ ಗಾಯವಿಲ್ಲದೆಯೂ ಹೀಗಾಗಬಹುದೆಂದು ಬ್ರಿಟನ್ನಿನ ನರಶಸ್ತ್ರಚಿಕಿತ್ಸಕ ನಾರ್ಮನ್ ಗತ್‌ಕೆಲ್ಚ್ 1971ರಲ್ಲಿಯೇ ಬರೆದಿದ್ದರು. ಕುರುಡು, ಬುದ್ಧಿಮಾಂದ್ಯ, ಸಾವು ಇದರ ಪರಿಣಾಮಗಳು. ತೊಟ್ಟಿಲು ತೂಗುವುದು, ತೋಳಿನಲ್ಲಿ ಮೆಲ್ಲಗೆ ಆಡಿಸುವುದು ಈ ಬಗೆಯ ಕುಲುಕಾಟವಲ್ಲ.

ಹೀಗೆ ಕುಲುಕುವವರು ಕ್ರೂರಿಗಳೇ ಆಗಿರಬೇಕೆಂದಿಲ್ಲ. ನಿದ್ದೆಗೆಟ್ಟು ತಾಳ್ಮೆ ಕಳೆದುಕೊಂಡ ಯಾರಿಂದಲಾದರೂ ಇದು ಸಂಭವಿಸಬಹುದು. ಎಲ್ಲ ಪ್ರಯತ್ನದ ನಂತರವೂ ಅಳು ನಿಲ್ಲದೆ, ಸಿಟ್ಟು ಏರುತ್ತಿದೆ ಎನಿಸಿದಾಗ ಕೂಸನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಬಂದು ಐದರಿಂದ ಹತ್ತು ನಿಮಿಷ ಸುಧಾರಿಸಿಕೊಳ್ಳಬೇಕು. ಅಷ್ಟು ಹೊತ್ತು ಅತ್ತರೆ ಆರೋಗ್ಯವಂತ ಕೂಸಿಗೆ ಏನೂ ಆಗದು. ಇದು ನಿರ್ಲಕ್ಷ್ಯವಲ್ಲ, ಕೂಸಿನ ರಕ್ಷಣೆಯೇ.

ಬಾಣಂತಿಯ ಆರೋಗ್ಯ

ಬಿಡದೆ ಅಳುವ ಕೂಸು ಮತ್ತು ನಿದ್ದೆಯಿಲ್ಲದ ರಾತ್ರಿಗಳು ಬಾಣಂತಿಯ ಖಿನ್ನತೆಯನ್ನು ಉಲ್ಬಣಿಸಬಲ್ಲವು. ಎರಡು ವಾರ ಕಳೆದರೂ ದುಃಖ ಇಳಿಯದಿರುವುದು, ಕೂಸಿನ ಮೇಲೆ ಮಮತೆ ಹುಟ್ಟದಿರುವುದು, ತನಗೋ ಕೂಸಿಗೋ ಕೇಡು ಮಾಡುವ ಯೋಚನೆ ಬರುವುದು ಚಿಕಿತ್ಸೆ ಬೇಕೆಂಬುದರ ಲಕ್ಷಣಗಳು. ಕೇಡಿನ ಯೋಚನೆ ಬಂದಿದ್ದರೆ ಎರಡು ವಾರ ಕಾಯಬಾರದು, ಅಂದೇ ವೈದ್ಯರಿಗೆ ತಿಳಿಸಬೇಕು. ಹಾಲು ಸಾಲದೆಂದೋ, ಪಥ್ಯ ತಪ್ಪಿದಳೆಂದೋ ಅವಳನ್ನು ದೂರುವುದರಿಂದ ಕೂಸಿನ ಅಳು ನಿಲ್ಲದು. ರಾತ್ರಿ ಒಂದು ಸರದಿಯನ್ನು ತಂದೆ ಅಥವಾ ಹಿರಿಯರು ವಹಿಸಿಕೊಂಡು ತಾಯಿಗೆ ಕೆಲವು ಗಂಟೆ ಸತತ ನಿದ್ದೆ ದೊರಕಿಸುವುದು ಉಪಯುಕ್ತ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಹಗಲಿರುಳೂ ಉಚಿತ ಸಲಹೆ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕವಿದೆ.

ವೈದ್ಯರನ್ನು ಕೂಡಲೇ ಕಾಣಬೇಕಾದ ಸಂದರ್ಭಗಳು

ಎರಡು ತಿಂಗಳೊಳಗಿನ ಕೂಸಿನಲ್ಲಿ ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ಬೆಳಗಾಗಲೆಂದು ಕಾಯಬಾರದು.

• ಕಂಕುಳಲ್ಲಿ ಅಳೆದ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ (99.5 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚಿರುವುದು, ಇಲ್ಲವೇ 35.5 ಡಿಗ್ರಿಗಿಂತ ಕಡಿಮೆಯಿರುವುದು
• ಹಾಲು ಕುಡಿಯುವುದನ್ನು ನಿಲ್ಲಿಸುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗುವುದು
• ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು, ಪಕ್ಕೆ ಒಳಕ್ಕೆ ಸೆಳೆಯುವುದು, ಉಸಿರಿನೊಂದಿಗೆ ನರಳುವುದು
• ಹಸಿರು ಬಣ್ಣದ ವಾಂತಿ, ಮಲದಲ್ಲಿ ರಕ್ತ, ಬಿಗಿದು ಉಬ್ಬಿದ ಹೊಟ್ಟೆ
• ಸೆಳವು, ನೆತ್ತಿಯ ಮೆದುಭಾಗ ಉಬ್ಬುವುದು, ತುಟಿ ನೀಲಿಯಾಗುವುದು
• ತೊಡೆಸಂದಿಯಲ್ಲಿ ಒತ್ತಿದರೂ ಒಳಹೋಗದ ಗಂಟು
• ಅಂಗೈ, ಅಂಗಾಲಿಗೂ ಹರಡಿದ ಹಳದಿ ಬಣ್ಣ
• ಎಂದಿನಂತಿಲ್ಲದ ಕೀರಲು ದನಿಯ ಅಳು, ಅಥವಾ ಮುಟ್ಟಿದರೆ ಹೆಚ್ಚಾಗುವ ಅಳು

ಇಡೀ ದಿನ ಅಳುತ್ತಿದ್ದ ಕೂಸು ಹಾಲು ಬಿಟ್ಟು ಇದ್ದಕ್ಕಿದ್ದಂತೆ ಮಂಕಾದರೆ ಅಳು ನಿಂತಿತೆಂದು ನೆಮ್ಮದಿಪಡುವಂತಿಲ್ಲ. ಎಳೆಗೂಸಿನ ಸೋಂಕು ಹಲವು ಬಾರಿ ಮೌನವಾಗಿಯೇ ಬರುತ್ತದೆ. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಕರೆಸಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಭೇಟಿ ನೀಡಿ ಕೂಸಿನ ತೂಕ, ಉಷ್ಣತೆ ನೋಡುವ ವ್ಯವಸ್ಥೆ 2011ರಿಂದ ದೇಶದಲ್ಲಿದೆ. ಕೂಸಿನ ಅಳು, ಹಾಲು ಕುಡಿಯುವ ರೀತಿ ಕುರಿತ ಅನುಮಾನಗಳನ್ನು ಆ ಭೇಟಿಯಲ್ಲೇ ಕೇಳಿ ಪರಿಹರಿಸಿಕೊಳ್ಳಬಹುದು.